ಹಾಡಿಗೆ ಸಂದ ಮನ್ನಣೆ ಹಾಡಿದವರಿಗೂ ಸಲ್ಲಲಿ

ಶ್ರವಣಬೆಳಗೊಳಕ್ಕೆ ಅನತಿದೂರದಲ್ಲಿರುವ ಜಿನನಾಥಪುರವು ಇಂದು ಒಂದು ಚಿಕ್ಕ ಗ್ರಾಮ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಇದನ್ನು ನೆಲೆಗೊಳಿಸಿದವನು. ಇಲ್ಲಿಯ ಶಾಂತಿನಾಥ ಬಸದಿಯನ್ನು ಸುಮಾರು 1200ರ ವೇಳೆಗೆ ಕಟ್ಟಿಸಿದವನು ರೇಚಣ ದಂಡನಾಯಕ. ಇವನು ಮೊದಲು ಕಳಚುರ್ಯರ ಸೇವೆಯಲ್ಲಿದ್ದು, ಅನಂತರ ಹೊಯ್ಸಳ ವೀರಬಲ್ಲಾಳನ ಆಶ್ರಯಕ್ಕೆ ಬಂದವನೆಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಬಸದಿಯ ಹೊರಗೋಡೆಯನ್ನು ಪ್ರದಕ್ಷಿಣೆಯಾಗಿ ನೋಡುತ್ತ ನಡೆದರೆ ಜಿನಬಿಂಬಗಳು, ಯಕ್ಷಯಕ್ಷಿಯರು, ಸರಸ್ವತಿ ಇವರೊಡನೆ ಮದ್ದಳೆ ಬಾರಿಸುವವರು, ವಾದ್ಯ ನುಡಿಸುವವರು, ನರ್ತಿಸುವವರು ಸಾಲಾಗಿ ಕಾಣಿಸುತ್ತಾರೆ. ಕಟ್ಟಿಸಿದವನ ಹೆಸರು ಉಳಿದಿದೆ. ಅರಸರ ಹೆಸರು ಉಳಿದಿದೆ. ಆ ಶಿಲ್ಪಗಳಿಗೆ ಮಾದರಿಯಾಗಿ ಆ ಕಾಲದಲ್ಲಿ ಹಾಡಿ ಕುಣಿದ ಜೀವಂತ ಕಲಾವಿದರ ಹೆಸರು ಮಾತ್ರ ಅಲ್ಲಿ ನಮಗೆ ಸಿಗುವುದಿಲ್ಲ. ಅವರನ್ನು ದೇವಾಲಯದ ಗೋಡೆಯ ಮೇಲೆ ನಿಲ್ಲಿಸಿದ ಸಮಾಜವು ತನ್ನ ಮನೆಯ ಒಳಗೆ ಅವರಿಗೆ ಎಲ್ಲಿ ಮಣೆ ಹಾಕಿತ್ತು? ಈ ಪ್ರಶ್ನೆ ಎಂಟು ನೂರು ವರ್ಷಗಳಷ್ಟು ಹಳೆಯದು, ಆದರೂ ಹಳಸಿಲ್ಲ.

ಈ ಪ್ರಶ್ನೆಯನ್ನು ಇಂದು ಎತ್ತಿಕೊಳ್ಳಲು ಒಂದು ಕಾರಣವುಂಟು. ನಮ್ಮ ಓದುಗ ಕುಟುಂಬವೊಂದರ ಕಾಲೇಜು ವಿದ್ಯಾರ್ಥಿನಿ ಅಮೆರಿಕಾ ದೇಶದ ಜಾಝ್ ಗಾಯಕಿಯೊಬ್ಬರ ಚರಿತ್ರೆಯನ್ನು ಓದಿ, ‘ಗುರುಗಳೇ, ಆ ದೇಶದಲ್ಲಿ ಕರಿಯ ಬಣ್ಣದ ಹೆಣ್ಣುಮಗಳೊಬ್ಬಳು ಹಾಡಿಗಾಗಿ ಇಷ್ಟೊಂದು ನೋವನ್ನು ಉಣ್ಣಬೇಕಾಯಿತು. ನಮ್ಮ ನಾಡಿನಲ್ಲಿ ಇಂಥವರು ಇರಲಿಲ್ಲವೆ?’ ಎಂದು ನಮ್ಮನ್ನು ಕೇಳಿದಳು. ಇದ್ದರು. ಅವರು ಧಾರವಾಡದಲ್ಲಿ ಹುಟ್ಟಿ ಹುಬ್ಬಳ್ಳಿಯಲ್ಲಿ ಬಾಳಿದರು. ಅವರ ಹೆಸರು ಡಾ. ಗಂಗೂಬಾಯಿ ಹಾನಗಲ್ಲ. ಆ ತಂಗಿಗೆ ಕೊಡಬೇಕಾದ ಉತ್ತರವನ್ನು ಈ ಸಲ ಎಲ್ಲ ಮನೆಗಳಿಗೂ ಸೇರಿಸಿ ಕೊಡುತ್ತಿದ್ದೇವೆ.

ಮೊದಲು ಆಕೆ ಓದಿದ ಕಥೆಯನ್ನು ಸಂಕ್ಷೇಪವಾಗಿ ಹೇಳುವುದು ಉಚಿತ. ಜಾಝ್ ಎಂಬುದು ಅಮೆರಿಕೆಯ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನರ ನಡುವೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರೂಪುಗೊಂಡ ಸಂಗೀತ. ಗೊತ್ತಾದ ಒಂದು ಧಾಟಿಯನ್ನು ಆಧಾರವಾಗಿಟ್ಟುಕೊಂಡು ಕಲಾವಿದನು ಆ ಕ್ಷಣದ ಸ್ಫೂರ್ತಿಯಿಂದ ಅದನ್ನು ಹೊಸದಾಗಿ ಬೆಳೆಸುವುದು ಅದರ ಜೀವಾಳ. ನಮ್ಮ ಖಯಾಲ್ ಗಾಯಕರೂ ಎರಡು ಸಾಲಿನ ಚೀಜನ್ನು ಹಿಡಿದು ಒಂದು ಗಂಟೆಯ ಕಾಲ ರಾಗವನ್ನು ವಿಸ್ತರಿಸುತ್ತಾರೆ. ನಿಯಮಗಳು ಬೇರೆ, ಸ್ವರಗಳ ವ್ಯವಸ್ಥೆ ಬೇರೆ. ಆದರೆ ಬರೆದಿಟ್ಟದ್ದನ್ನು ಒಪ್ಪಿಸದೆ ಕೇಳುಗರ ಎದುರಿನಲ್ಲಿಯೇ ಸೃಷ್ಟಿಸಬೇಕಾದ ಹೊಣೆ ಎರಡರಲ್ಲಿಯೂ ಒಂದೇ. ಈ ಸಂಗೀತವು ನಮ್ಮ ದೇಶಕ್ಕೆ ತೀರ ಅಪರಿಚಿತವೂ ಆಗಿರಲಿಲ್ಲ. 1935ರಲ್ಲಿ ಲಿಯಾನ್ ಆಬಿ ಎಂಬ ಕರಿಯ ವಾದಕನ ತಂಡವು ಮುಂಬಯಿಯ ತಾಜ್ ಹೋಟೆಲಿನಲ್ಲಿ ಜಾಝ್ ನುಡಿಸಿತ್ತು.

ಆ ಸಂಗೀತದ ಅತಿ ಪ್ರಸಿದ್ಧ ಗಾಯಕಿಯರಲ್ಲಿ ಒಬ್ಬರು ಬಿಲ್ಲಿ ಹಾಲಿಡೇ. 1915ರ ಏಪ್ರಿಲ್ 7ರಂದು ಹುಟ್ಟಿದ ಇವರ ಮೊದಲ ಹೆಸರು ಎಲಿನೋರಾ. ಬಡತನದಲ್ಲಿಯೂ ಅನಾದರದಲ್ಲಿಯೂ ಬಾಲ್ಯ ಕಳೆಯಿತು. 1938ರಲ್ಲಿ ಆರ್ಟಿ ಶಾ ಎಂಬ ಬಿಳಿಯ ವಾದಕನ ತಂಡವನ್ನು ಸೇರಿದರು; ಬಿಳಿಯರ ವಾದ್ಯವೃಂದದೊಡನೆ ಕರಿಯ ಹೆಣ್ಣೊಬ್ಬಳು ಹಾಡುವುದು ಆ ಕಾಲಕ್ಕೆ ಅಪೂರ್ವ ಸಂಗತಿಯಾಗಿತ್ತು. ಅದೇ ವರ್ಷ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅವರ ಹಾಡು ಏರ್ಪಟ್ಟಾಗ, ಅತಿಥಿಗಳು ಬಳಸುವ ಲಿಫ್ಟಿನಲ್ಲಿ ಬಾರದೆ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಬರಬೇಕೆಂದು ಅವರಿಗೆ ಹೇಳಲಾಯಿತು. ಸಭೆಯಲ್ಲಿ ಕುಳಿತವರಿಗೆ ಅವರ ಕಂಠ ಬೇಕು, ಅವರ ಮೈಬಣ್ಣ ಕಣ್ಣಿಗೆ ಬೀಳಬಾರದು! ಮರುವರ್ಷ, 1939ರಲ್ಲಿ, ಕರಿಯರನ್ನು ಗುಂಪುಗೂಡಿ ಕೊಂದು ಮರಕ್ಕೆ ನೇತುಹಾಕುತ್ತಿದ್ದ ಕ್ರೌರ್ಯವನ್ನು ಕುರಿತ ಗೀತೆಯೊಂದನ್ನು ಅವರು ಹಾಡಿ ಧ್ವನಿಮುದ್ರಿಸಿದರು. ಮುಂದೆ ಮಾದಕವಸ್ತುವಿನ ಚಟಕ್ಕೆ ಸಿಲುಕಿ 1947ರಲ್ಲಿ ಸೆರೆಮನೆ ಸೇರಿದರು. ಬಿಡುಗಡೆಯಾದ ಮೇಲೆ ಮದ್ಯ ಮಾರುವ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹಾಡುವ ಪರವಾನಗಿಯನ್ನು ಕಳೆದುಕೊಂಡರು. 1959ರ ಜುಲೈ 17ರಂದು, 44ನೆಯ ವಯಸ್ಸಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಬಂಧನದಲ್ಲಿದ್ದ ಸ್ಥಿತಿಯಲ್ಲಿಯೇ ತೀರಿಕೊಂಡರು. ಇಂದು ಅವರ ಧ್ವನಿಮುದ್ರಿಕೆಗಳನ್ನು ಲೋಕವೆಲ್ಲ ಕೇಳುತ್ತದೆ.

ಈ ಕಥೆಯನ್ನು ಓದಿ ಅಮೆರಿಕೆಯ ವರ್ಣಭೇದವನ್ನು ನಿಂದಿಸುವುದು ಸುಲಭ. ಬಿಲ್ಲಿ ಹಾಲಿಡೇಯವರಿಗಿಂತ ಎರಡು ವರ್ಷ ಮೊದಲು ಹುಟ್ಟಿದ ನಮ್ಮ ಕನ್ನಡದ ಹೆಣ್ಣುಮಗಳೊಬ್ಬಳ ಬಾಲ್ಯವನ್ನು ಇದರ ಪಕ್ಕದಲ್ಲಿ ಇಟ್ಟು ನೋಡುವುದು ಅಷ್ಟು ಸುಲಭವಲ್ಲ.

ಶುಕ್ರವಾರಪೇಟೆಯ ಗಾಂಧಾರಿ

1913ರ ಮಾರ್ಚ್ 5ರಂದು ಧಾರವಾಡದ ಶುಕ್ರವಾರಪೇಟೆಯಲ್ಲಿ ಗಂಗೂಬಾಯಿಯವರು ಜನಿಸಿದರು. ತಂದೆ ಚಿಕ್ಕೂರಾವ್ ನಾಡಿಗೇರ, ತಾಯಿ ಅಂಬಾಬಾಯಿ. ಮಗುವಿಗೆ ಇಟ್ಟ ಹೆಸರು ಗಾಂಧಾರಿ. ಗಂಗೂಬಾಯಿ ಎಂಬುದು ಆಮೇಲೆ ಬಂದ ಹೆಸರು. ಅಂಬಾಬಾಯಿಯವರು ಕರ್ನಾಟಕ ಸಂಗೀತದಲ್ಲಿ ಒಳ್ಳೆಯ ಗಾಯಕಿ. ಕಿರಾಣಾ ಘರಾಣೆಯ ಮಹಾಗುರು ಉಸ್ತಾದ್ ಅಬ್ದುಲ್ ಕರೀಂಖಾನರು ಧಾರವಾಡಕ್ಕೆ ಬಂದಾಗ ಈ ಮನೆಗೆ ಬಂದು ಅವರ ಹಾಡನ್ನು ಕೇಳುತ್ತಿದ್ದರು. ಹಾಡುವುದು ತಾಯಿಯಿಂದ ಮಗಳಿಗೆ ಇಳಿದುಬರುತ್ತಿದ್ದ ಮನೆತನವದು. ಹಾನಗಲ್ಲ ಅವರ ಮೂಲ ಊರು. ಆ ಊರಿನ ಹೆಸರೇ ಕೊನೆಯವರೆಗೆ ಗಂಗೂಬಾಯಿಯವರ ಜೊತೆಗೆ ಉಳಿಯಿತು.

ಇಂಥ ಮನೆತನದ ಹೆಣ್ಣುಮಕ್ಕಳನ್ನು ಆ ಕಾಲದ ಸಮಾಜವು ಹೇಗೆ ನೋಡುತ್ತಿತ್ತೆಂಬುದನ್ನು ಗಂಗೂಬಾಯಿಯವರು ತಮ್ಮ ಇಳಿವಯಸ್ಸಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಬಾಲಕಿಯಾಗಿದ್ದಾಗ ಒಮ್ಮೆ ನೆರೆಯ ಸಿರಿವಂತರ ತೋಟದಲ್ಲಿ ಒಂದು ಮಾವಿನಹಣ್ಣಿಗೆ ಕೈ ಹಾಕಿದರಂತೆ. ತೋಟದವರಿಗೆ ಹಣ್ಣು ಹೋದುದರ ಚಿಂತೆ ಇರಲಿಲ್ಲ. ಹಾಡುವವಳ ಮಗಳು ತಮ್ಮ ತೋಟದೊಳಗೆ ಕಾಲಿಟ್ಟಳೆಂಬುದೇ ಅವರಿಗೆ ಸಹಿಸಲಾಗದ ಸಂಗತಿಯಾಯಿತು. ಬೀದಿಯಲ್ಲಿ ನಡೆದುಹೋಗುವಾಗ ಅಕ್ಕಪಕ್ಕದವರು ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದರು.

1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಹುಯಿಲಗೋಳ ನಾರಾಯಣರಾಯರು ರಚಿಸಿದ ನಾಡಗೀತೆಯನ್ನು ಅಲ್ಲಿ ಹಾಡಿದ ಮಕ್ಕಳ ತಂಡದಲ್ಲಿ 11 ವರ್ಷದ ಗಂಗೂಬಾಯಿಯೂ ಇದ್ದರು. ಅಷ್ಟು ದೊಡ್ಡ ಸಭೆಯಲ್ಲಿ, ಅಷ್ಟು ಹಿರಿಯರ ಎದುರಿಗೆ ಹಾಡುವ ಮಗುವಿಗೆ ಸ್ವರ ತಪ್ಪೀತೆಂಬ ಭಯ ಇರುವುದು ಸಹಜ. ಆ ಮಗುವನ್ನು ಕಾಡಿದ ಭಯ ಬೇರೆಯದು. ಊಟವಾದ ಮೇಲೆ ತಾನು ಉಂಡ ಎಲೆಯನ್ನು ಎತ್ತಿ ಆ ಜಾಗವನ್ನು ಬಳಿಯಬೇಕೆಂದು ಯಾರಾದರೂ ಹೇಳುವರೋ ಏನೋ ಎಂಬ ಅಳುಕು ಅದು. ಸಭೆಯಲ್ಲಿ ಅವಳ ಕಂಠ ನಾಡಿನ ಏಳಿಗೆಯನ್ನು ಹಾಡುತ್ತಿದೆ. ಪಂಕ್ತಿಯಲ್ಲಿ ಅವಳ ಎಲೆ ಎಲ್ಲಿ ಬೀಳುವುದೆಂಬುದು ಮಾತ್ರ ಅವಳಿಗೆ ತಿಳಿಯದು. ಸಾಮಾನಿನ ಲಿಫ್ಟಿನಲ್ಲಿ ಬರಬೇಕಾದ ಆ ಗಾಯಕಿಗೂ ಎಲೆಯ ಮುಂದೆ ಅಳುಕುತ್ತ ಕುಳಿತ ಈ ಬಾಲಕಿಗೂ ಏನು ಅಂತರ? ಅಲ್ಲಿ ಬಣ್ಣ, ಇಲ್ಲಿ ಹುಟ್ಟು.

ತಾಯಿ ಬಿಟ್ಟ ಹಾಡು, ಗುರು ಕೊಟ್ಟ ಹಾಡು

ಈ ಮಗುವಿನ ಸುತ್ತ ಕೆಲವು ಆಸರೆಗಳಿದ್ದವು. ಅವುಗಳಲ್ಲಿ ಮೊದಲನೆಯದು ತಾಯಿ. ಮಗಳ ಒಲವು ಹಿಂದೂಸ್ಥಾನಿ ಪದ್ಧತಿಯ ಕಡೆಗೆ ಇದೆಯೆಂಬುದನ್ನು ಅರಿತ ಅಂಬಾಬಾಯಿಯವರು, ತಮ್ಮ ಕರ್ನಾಟಕ ಸಂಗೀತದ ಛಾಯೆ ಮಗಳ ಕಲಿಕೆಯ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. ಓದುಗರು ಈ ಮಾತಿನ ಮೇಲೆ ಒಂದು ಕ್ಷಣ ನಿಲ್ಲಬೇಕು. ಒಬ್ಬ ಗಾಯಕಿ ತನ್ನ ಆಭರಣವನ್ನು ಮಗಳಿಗೆ ಕೊಡಬಹುದು, ಹೊಲವನ್ನು ಮಾರಬಹುದು; ಹಾಡನ್ನು ಬಿಡುವುದೆಂದರೆ ಉಸಿರನ್ನು ಬಿಗಿಹಿಡಿದಂತೆ. ತಾಯಿಯಾದವಳು ಅದನ್ನೂ ಮಾಡಿದಳು. 1928ರಲ್ಲಿ ಮಗಳ ಕಲಿಕೆಗಾಗಿಯೇ ಈ ಕುಟುಂಬ ಧಾರವಾಡವನ್ನು ಬಿಟ್ಟು ಹುಬ್ಬಳ್ಳಿಗೆ ಬಂದು ನೆಲೆಸಿತು. 1932ರಲ್ಲಿ ಅಂಬಾಬಾಯಿಯವರು ತೀರಿಕೊಂಡಾಗ ಮಗಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಹುಬ್ಬಳ್ಳಿಯಲ್ಲಿ ಕೃಷ್ಣಾಚಾರ್ಯ ಹುಲಗೂರರಲ್ಲಿಯೂ ದತ್ತೋಪಂತ ದೇಸಾಯಿಯವರಲ್ಲಿಯೂ ಪಾಠವಾಯಿತು. ಅನಂತರ ದೊರೆತವರು ಸವಾಯಿ ಗಂಧರ್ವರೆಂದು ಹೆಸರಾದ ಕುಂದಗೋಳದ ರಾಮಚಂದ್ರರಾಯರು, ಅಬ್ದುಲ್ ಕರೀಂಖಾನರ ಪಟ್ಟಶಿಷ್ಯರು. ನಾಟಕ ಕಂಪನಿಗಳ ಸಂಚಾರ ಮುಗಿಸಿ ಗುರುಗಳು ಊರಿಗೆ ಮರಳಿದ ಮೇಲೆ, 1930ರ ದಶಕದ ಕೊನೆಯ ವರ್ಷಗಳಲ್ಲಿ, ಪಾಠವು ನಿಯಮಿತವಾಯಿತು. ಗಂಗೂಬಾಯಿಯವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ಮರಳುತ್ತಿದ್ದರು. ಅದೇ ಗುರುಗಳ ಮನೆಯಲ್ಲಿ ಸೇವೆ ಮಾಡುತ್ತ ಕಲಿಯುತ್ತಿದ್ದ ಭೀಮಸೇನ ಜೋಶಿ ಎಂಬ ಹುಡುಗ ಕತ್ತಲಾದಾಗ ಅವರನ್ನು ಸ್ಟೇಷನ್ನಿನವರೆಗೆ ಕಳುಹಿಸಿ ಬರುತ್ತಿದ್ದನು. ಮುಂದೆ ಭಾರತರತ್ನರಾದ ಭೀಮಸೇನರು ಗಂಗೂಬಾಯಿಯವರನ್ನು ಕಡೆಯವರೆಗೂ ಅಕ್ಕನೆಂದೇ ಭಾವಿಸಿದರು.

ಗುರುಗಳ ಪಾಠಕ್ರಮ ಕಠಿಣವಾಗಿತ್ತು. ಹತ್ತಾರು ರಾಗಗಳನ್ನು ಹೇಳಿಕೊಟ್ಟು ಮುಗಿಸುವ ಆತುರ ಅವರದಲ್ಲ. ಕೆಲವೇ ರಾಗಗಳು, ಒಂದೊಂದು ಸ್ವರಗುಚ್ಛವನ್ನು ಅದು ಕಂಠದಲ್ಲಿ ನೆಲೆಗೊಳ್ಳುವವರೆಗೆ ದಿನಗಟ್ಟಲೆ ಮತ್ತೆ ಮತ್ತೆ ಹಾಡಬೇಕು. ಕಿರಾಣಾ ಪದ್ಧತಿಯ ಗುಣವೇ ಇದು. ವಿಲಂಬಿತ ಲಯದಲ್ಲಿ ಷಡ್ಜದಿಂದ ಆರಂಭಿಸಿ, ಒಂದು ಸ್ವರದ ಪೂರ್ಣ ಸತ್ತ್ವವನ್ನು ಕೇಳುಗರಿಗೆ ಉಣಿಸಿದ ಮೇಲೆಯೇ ಮುಂದಿನ ಸ್ವರಕ್ಕೆ ಹೆಜ್ಜೆ. ಗಂಗೂಬಾಯಿಯವರು ಮೊದಮೊದಲು ಠುಮರಿ, ಭಾವಗೀತೆಗಳನ್ನೂ ಹಾಡಿ ಗ್ರಾಮಫೋನ್ ಮುದ್ರಿಕೆಗಳನ್ನು ಕೊಟ್ಟವರು. 1940ರ ದಶಕದ ನಡುವೆ ಅವನ್ನೆಲ್ಲ ಬಿಟ್ಟು ಶುದ್ಧ ಖಯಾಲ್ ಗಾಯನಕ್ಕೇ ತಮ್ಮನ್ನು ಒಪ್ಪಿಸಿಕೊಂಡರು. ಅವರ ಭೈರವ, ತೋಡಿ, ಅಸಾವರಿ, ಮಾರವಾ, ಪೂರಿಯಾ, ಚಂದ್ರಕಂಸಗಳನ್ನು ಕೇಳಿದವರು ಆ ನಿಧಾನದ ಹಿಂದಿರುವ ಸಾಧನೆಯನ್ನು ಬಲ್ಲರು.

ಸಂಸಾರದ ನೊಗವೂ ಹಗುರವಾಗಿರಲಿಲ್ಲ. 16ನೆಯ ವಯಸ್ಸಿನಲ್ಲಿ ವಕೀಲರಾದ ಗುರುರಾವ್ ಕೌಲಗಿಯವರು ಅವರ ಬಾಳಸಂಗಾತಿಯಾದರು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ಮನೆಯ ಖರ್ಚಿನ ಭಾರ ಬಹುಮಟ್ಟಿಗೆ ಗಂಗೂಬಾಯಿಯವರ ಕಛೇರಿಗಳ ಮೇಲೆಯೇ ಬಿದ್ದಿತು. ಸೋದರಮಾವ ರಾಮಣ್ಣನವರು ಮನೆಗೆ ಹಿರಿಯರಾಗಿ ನಿಂತು ನಡೆಸಿಕೊಂಡು ಬಂದರು. 1966ರಲ್ಲಿ ಪತಿ ತೀರಿಕೊಂಡರು. ಹಾಡು ನಿಲ್ಲಲಿಲ್ಲ, ನಿಲ್ಲಿಸುವಂತೆಯೂ ಇರಲಿಲ್ಲ.

ಕಂಠ ಬದಲಾದಾಗ

ಗಂಗೂಬಾಯಿಯವರ ಮೊದಲ ಮುದ್ರಿಕೆಗಳನ್ನು ಕೇಳಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಅಲ್ಲಿರುವುದು ಎಳೆಯ, ಎತ್ತರದ, ಕೋಮಲ ಸ್ತ್ರೀಕಂಠ. 1940ರ ದಶಕದಲ್ಲಿ ಗಂಟಲಿನ ಟಾನ್ಸಿಲ್ ತೊಂದರೆಗೆ ಚಿಕಿತ್ಸೆಯಾದ ಮೇಲೆ ಆ ಧ್ವನಿ ಇಳಿದು ಗಡುಸಾಯಿತು, ಗಂಡುಧ್ವನಿಯನ್ನು ಹೋಲತೊಡಗಿತು. ಹೆಣ್ಣಿನ ಕಂಠವೆಂದರೆ ಕೋಗಿಲೆಯಂತೆ ಇರಬೇಕೆಂದು ಬಯಸುವ ಲೋಕದಲ್ಲಿ ಇದು ಗಾಯಕಿಯೊಬ್ಬಳ ವೃತ್ತಿಯನ್ನೇ ಮುಗಿಸಬಹುದಾದ ಆಘಾತ. ಅವರು ಕಳೆದುಹೋದ ಧ್ವನಿಗಾಗಿ ಕೊರಗುತ್ತ ಕೂಡದೆ, ಬಂದ ಧ್ವನಿಯನ್ನೇ ಸಾಧನೆಯಿಂದ ಹದಗೊಳಿಸಿದರು. ಮಂದ್ರದಲ್ಲಿ ಅವರು ಷಡ್ಜವನ್ನು ಹಿಡಿದು ನಿಂತರೆ ನೆಲದಾಳದಿಂದ ನಾದ ಎದ್ದು ಬಂದಂತಿರುತ್ತಿತ್ತು.

ನಾವು ಮಠದಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, 1970ರ ದಶಕದಲ್ಲಿ, ರಾತ್ರಿಯ ಪ್ರಸಾದದ ಅನಂತರ ರೇಡಿಯೊದಲ್ಲಿ ಸಂಗೀತ ಕೇಳುವ ರೂಢಿಯಿತ್ತು. ಒಂದು ರಾತ್ರಿ ಗಂಗೂಬಾಯಿಯವರ ಗಾಯನ ಬರುತ್ತಿದ್ದಾಗ ಹೊರಗಿನಿಂದ ಬಂದ ಹಿರಿಯರೊಬ್ಬರು ಕಂಬಕ್ಕೆ ಒರಗಿ ಬಹಳ ಹೊತ್ತು ಕೇಳಿ, ‘ಯಾವ ಊರಿನ ಪಂಡಿತರಪ್ಪಾ ಇವರು?’ ಎಂದರು. ಗಾಯಕಿಯ ಹೆಸರು ತಿಳಿಸಿದಾಗ ಅವರು ಸುಮ್ಮನಾಗಿ, ಹೆಗಲ ಮೇಲಿನ ವಸ್ತ್ರವನ್ನು ತೆಗೆದು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಹಿರಿಯರ ಎದುರಿನಲ್ಲಿ ಕುಳಿತುಕೊಳ್ಳುವ ರೀತಿಯದು.

ಪಂಡಿತರೆಂಬ ಆ ಮಾತಿಗೂ ಒಂದು ಕಥೆಯುಂಟು. ಗಂಡಸು ಹಾಡಿದರೆ, ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂವಾದರೆ ಪಂಡಿತನಾಗುತ್ತಾನೆ. ಕೇಸರಬಾಯಿ, ಮೋಗೂಬಾಯಿಯರಂಥ ಮಹಾಗಾಯಕಿಯರು ಮಾತ್ರ ಎಷ್ಟೇ ಹಾಡಿದರೂ ಬಾಯಿಗಳಾಗಿಯೇ ಉಳಿಯುತ್ತಾರೆಂಬ ಅರ್ಥದ ಮಾತನ್ನು ಗಂಗೂಬಾಯಿಯವರೇ ಆಡಿದ್ದರು. ಅದರಲ್ಲಿ ಕಹಿಗಿಂತ ಹೆಚ್ಚಾಗಿ ಲೋಕದ ತಕ್ಕಡಿಯನ್ನು ಚೆನ್ನಾಗಿ ನೋಡಿದವರ ನಗು ಇದೆ. ಇದನ್ನು ಕೇಳಿ ಗಂಡಸರಾದ ನಾವು ತಲೆತಗ್ಗಿಸಬೇಕು.

ಜಾಝ್ ಲೋಕದಲ್ಲಿಯೂ ಇದಕ್ಕೆ ಸಮಾನವಾದ ಸಂಗತಿಯೊಂದಿದೆ. ಬಿಲ್ಲಿ ಹಾಲಿಡೇಯವರ ಕಂಠದ ವ್ಯಾಪ್ತಿ ದೊಡ್ಡದಾಗಿರಲಿಲ್ಲ. ಇದ್ದ ಕೆಲವೇ ಸ್ವರಗಳಲ್ಲಿ ಒಂದು ಪದವನ್ನು ತಾಳಕ್ಕಿಂತ ಕೊಂಚ ಹಿಂದೆ ಎಳೆದು ನಿಲ್ಲಿಸಿ, ಕೇಳುಗರ ಎದೆ ಕರಗುವಂತೆ ಅವರು ಹಾಡುತ್ತಿದ್ದರು. ಗಟ್ಟಿಯಾದುದು, ಎತ್ತರವಾದುದು, ನಯವಾದುದು ಮಾತ್ರ ಒಳ್ಳೆಯ ಕಂಠವೆಂಬ ಎಣಿಕೆಯನ್ನು ಈ ಇಬ್ಬರೂ ತಿದ್ದಿದರು.

ಆಸರೆಯ ಮಾತು

ಇಷ್ಟು ಸಾಮ್ಯವಿದ್ದರೂ ಇಬ್ಬರ ಬಾಳಿನ ಕೊನೆ ಬೇರೆ ಬೇರೆ. ಒಬ್ಬರು 44ಕ್ಕೆ ತೀರಿಕೊಂಡರು. ಇನ್ನೊಬ್ಬರು 2006ರಲ್ಲಿ, 93ನೆಯ ವಯಸ್ಸಿನಲ್ಲಿ, ತಮ್ಮ ಸಂಗೀತ ಜೀವನದ 75ನೆಯ ವರ್ಷದಲ್ಲಿ ಕೊನೆಯ ಕಛೇರಿ ಮಾಡಿ, 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ದೇಹವಿಟ್ಟರು. 1971ರಲ್ಲಿ ಪದ್ಮಭೂಷಣ, 1973ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 2002ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು. ಒಂದು ಕಾಲಕ್ಕೆ ತಮ್ಮನ್ನು ತೋಟದಿಂದ ಅಟ್ಟಿದವರೇ ಆಮೇಲೆ ಮನೆಗೆ ಆಹ್ವಾನಿಸಿ ಆದರಿಸಿದರೆಂದು ಗಂಗೂಬಾಯಿಯವರು ನೆನೆದಿದ್ದಾರೆ.

ಈ ಅಂತರಕ್ಕೆ ಎರಡು ದೇಶಗಳ ಚರಿತ್ರೆ, ಇಬ್ಬರ ಸ್ವಭಾವ, ದೈವಯೋಗ ಎಲ್ಲವೂ ಕಾರಣಗಳೇ. ಬಿಲ್ಲಿ ಹಾಲಿಡೇಯವರ ಚಟವನ್ನು ನೆಪಮಾಡಿಕೊಂಡು ಅವರನ್ನು ಕೀಳುಗಾಣುವುದು ನಮ್ಮ ಉದ್ದೇಶವಲ್ಲ. ಅಷ್ಟು ಗಾಯಗಳನ್ನು ಹೊತ್ತು ಅಷ್ಟು ಹಾಡಿದವರಿಗೆ ನಮ್ಮ ನಮಸ್ಕಾರ. ಆದರೆ ಒಂದು ಕಾರಣವು ಗೃಹಸ್ಥರಾದ ನಮ್ಮ ಓದುಗರಿಗೆ ವಿಶೇಷವಾಗಿ ಸೇರಿದುದು. ಗಂಗೂಬಾಯಿಯವರನ್ನು ಲೋಕ ಹಂಗಿಸುತ್ತಿದ್ದಾಗ ಅವರ ಹಿಂದೆ ಒಂದು ಮನೆ ಇತ್ತು. ತನ್ನ ಹಾಡನ್ನು ಬಿಟ್ಟ ತಾಯಿ, ಸಂಸಾರವನ್ನು ಹೊತ್ತ ಸೋದರಮಾವ, ಸ್ವರ ನಿಲ್ಲುವವರೆಗೆ ಬಿಡದ ಗುರು, ಸ್ಟೇಷನ್ನಿನವರೆಗೆ ಬಂದ ಗುರುಬಂಧು. ಅವರ ಮಗಳು ಕೃಷ್ಣಾ ಸ್ವತಃ ಒಳ್ಳೆಯ ಗಾಯಕಿ; ಆದರೆ ದಶಕಗಳ ಕಾಲ ತಾಯಿಯ ಪಕ್ಕದಲ್ಲಿ ಕುಳಿತು ಸಹಗಾಯನ ನೀಡುತ್ತ, ತಾಯಿಯ ಗಡುಸು ಧ್ವನಿಗೆ ತನ್ನ ಎತ್ತರದ ಧ್ವನಿಯನ್ನು ಜೋಡಿಸಿದರು. 2004ರಲ್ಲಿ ಕೃಷ್ಣಾ ಅವರು ಕ್ಯಾನ್ಸರಿನಿಂದ ತೀರಿಕೊಂಡರು. ಅಂಬಾಬಾಯಿ ಮಗಳಿಗಾಗಿ ಮೌನವಾದರು, ಕೃಷ್ಣಾ ತಾಯಿಗಾಗಿ ಪಕ್ಕದಲ್ಲಿ ಕುಳಿತರು. ಒಂದು ಮಹಾಕಂಠದ ಎರಡು ಬದಿಯಲ್ಲಿ ಎರಡು ತ್ಯಾಗಗಳು ನಿಂತಿವೆ. ಗಂಗೂಬಾಯಿಯವರ ಹೆಸರನ್ನು ಹೇಳುವಾಗ ಈ ಇಬ್ಬರ ಹೆಸರನ್ನೂ ಹೇಳಬೇಕು.

ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳ ರಾಜ್ಯ ವಿಶ್ವವಿದ್ಯಾಲಯವಿದೆ. ಹುಬ್ಬಳ್ಳಿಯಲ್ಲಿ ಗುರುಶಿಷ್ಯ ಪರಂಪರೆಯಂತೆ ಕಲಿಸುವ ಗುರುಕುಲವಿದೆ. 2014ರಲ್ಲಿ ಭಾರತೀಯ ಅಂಚೆ ಇಲಾಖೆಯು ಸಂಗೀತಗಾರರ ಅಂಚೆಚೀಟಿಗಳನ್ನು ಹೊರಡಿಸಿದಾಗ ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಕುಮಾರ ಗಂಧರ್ವರೊಡನೆ ಗಂಗೂಬಾಯಿಯವರ ಚಿತ್ರವೂ ಬಂದಿತು. ತೀರಿಕೊಂಡಾಗ ತಮ್ಮ ಕಣ್ಣುಗಳನ್ನು ದಾನವಾಗಿ ಬಿಟ್ಟುಹೋದರು. ಇದೂ ಅವರ ಪರಂಪರೆಯ ಒಂದು ಭಾಗವೇ.

ನಮ್ಮ ಮನೆಗಳಿಗೆ

ಈಗ ನಮ್ಮ ಕಡೆಗೆ ತಿರುಗೋಣ. ಹನ್ನೆರಡನೆಯ ಶತಮಾನದ ಶರಣರು ಸೂಳೆ ಸಂಕವ್ವೆ ಎಂಬ ಹೆಣ್ಣುಮಗಳನ್ನು ತಮ್ಮವಳೆಂದು ಒಪ್ಪಿದರು. ಅವಳ ಹಿಂದಿನ ವೃತ್ತಿ ಅವಳ ಹೆಸರಿನಲ್ಲಿಯೇ ಇದೆ. ಅವಳದು ಒಂದೇ ಒಂದು ವಚನ ಉಳಿದಿದೆ. ಅದನ್ನು ಅವಳ ಹೆಸರಿನಲ್ಲಿ, ಅವಳ ಅಂಕಿತದೊಡನೆಯೇ ನಮ್ಮ ಹಿರಿಯರು ಕಾಪಾಡಿಕೊಂಡು ಬಂದರು. ಕಲ್ಯಾಣದ ಶರಣರು ಅವಳನ್ನು ಹೊಸ್ತಿಲಾಚೆ ನಿಲ್ಲಿಸಿ ವಚನವನ್ನು ಮಾತ್ರ ಒಳಗೆ ತೆಗೆದುಕೊಳ್ಳಲಿಲ್ಲ. ಈ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಾವು ನಮ್ಮ ನಡೆಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿಕೊಳ್ಳಬೇಕಲ್ಲವೆ?

ಕೆಲವು ವರ್ಷಗಳ ಹಿಂದೆ ಒಂದು ಊರಿನ ಉತ್ಸವಕ್ಕೆ ನಾವು ಹೋಗಿದ್ದೆವು. ದೂರದಿಂದ ಕರೆಸಿದ ಗಾಯಕಿಯೊಬ್ಬರು ಎರಡು ಗಂಟೆ ವಚನಗಳನ್ನು ಹಾಡಿದರು. ಸಭೆ ತಲೆದೂಗಿತು, ಶಾಲು ಹೊದಿಸಿತು. ಪ್ರಸಾದದ ಹೊತ್ತಿಗೆ ಗಾಯಕಿಯನ್ನೂ ತಬಲಾ ಹಾರ್ಮೋನಿಯಂ ನುಡಿಸಿದವರನ್ನೂ ‘ಅವರಿಗೆ ಆಮೇಲೆ’ ಎಂದು ಹಿತ್ತಿಲ ಕಡೆಯ ಜಗುಲಿಯಲ್ಲಿ ಕೂಡಿಸಿದ್ದರು. ಒಳಗೆ ಬಡಿಸುತ್ತಿದ್ದ ಮುದುಕಿಯೊಬ್ಬರು ಇದನ್ನು ಕಂಡು ಸೌಟನ್ನು ಕೆಳಗಿಟ್ಟು, ಯಾರನ್ನೂ ಏನನ್ನೂ ಕೇಳದೆ, ಆ ಗಾಯಕಿಯ ಕೈ ಹಿಡಿದು ‘ಬಾ ತಾಯಿ, ನನ್ನ ಪಕ್ಕ ಕೂಡು’ ಎಂದು ಪಂಕ್ತಿಯ ನಡುವೆ ಕೂಡಿಸಿಕೊಂಡರು. ಅಂದಿನ ಉತ್ಸವದಲ್ಲಿ ನಡೆದ ಉಪನ್ಯಾಸಗಳಲ್ಲಿ ಯಾವುದೂ ನಮಗೆ ಈಗ ನೆನಪಿಲ್ಲ. ಆ ತಾಯಿಯ ಮಾತು ನೆನಪಿದೆ.

ಓದುಗರು ಮಾಡಬಹುದಾದ ಕಾರ್ಯಗಳು ಹಲವಿವೆ. ಮನೆಯಲ್ಲಿ ಹೆಣ್ಣುಮಗುವಿಗೆ ಕಂಠವಿದ್ದರೆ, ಮದುವೆಯ ಮಾತುಕತೆಯಲ್ಲಿ ಹೇಳಿಕೊಳ್ಳಲೆಂದು ಮೂರು ವರ್ಷ ಕಲಿಸಿ ನಿಲ್ಲಿಸಬೇಡಿರಿ. ಒಳ್ಳೆಯ ಗುರುವನ್ನು ಹುಡುಕಿ, ಸಾಧನೆಗೆ ಬೆಳಗಿನ ಒಂದು ಗಂಟೆಯನ್ನು ಬಿಟ್ಟುಕೊಡಿರಿ. ಆ ಗಂಟೆಯಲ್ಲಿ ಅವಳನ್ನು ಅಡುಗೆಮನೆಗೆ ಕರೆಯಬೇಡಿರಿ. ಸೊಸೆಯಾಗಿ ಬಂದವಳು ಹಾಡುವವಳಾಗಿದ್ದರೆ ತಂಬೂರಿಯನ್ನು ಅಟ್ಟಕ್ಕೆ ಏರಿಸದಿರಿ. ಅವಳ ಕಂಠ ಒರಟಾಗಿದೆ, ಇಂಪಾಗಿಲ್ಲ ಎಂದು ಯಾರಾದರೂ ಮೂಗು ಮುರಿದರೆ ಗಂಗೂಬಾಯಿಯವರ ಒಂದು ಮುದ್ರಿಕೆಯನ್ನು ಹಾಕಿ ಕೇಳಿಸಿರಿ. ಊರ ಉತ್ಸವಕ್ಕೆ ಕಲಾವಿದರನ್ನು ಕರೆದರೆ ಅವರ ಸಂಭಾವನೆಯನ್ನು ಮೊದಲೇ ಗೊತ್ತುಮಾಡಿ, ಮುಗಿದ ಕೂಡಲೇ ಗೌರವದಿಂದ ಕೈಗೆ ಕೊಡಿರಿ. ಕಾಯಕಕ್ಕೆ ತಕ್ಕ ಪ್ರತಿಫಲವನ್ನು ಬೇಡಿ ಪಡೆಯುವ ಸ್ಥಿತಿಗೆ ಅವರನ್ನು ತರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಾಡಿದವರು ಯಾವ ಮನೆಯವರೆಂದು ವಿಚಾರಿಸುವ ಮೊದಲು ಅವರಿಗೆ ನಿಮ್ಮ ಪಕ್ಕದಲ್ಲಿ ಎಲೆ ಹಾಕಿರಿ.

ಪ್ರಶ್ನೆ ಕೇಳಿದ ತಂಗಿಗೆ ಇದಿಷ್ಟು ಉತ್ತರ. ಪರದೇಶದ ಗಾಯಕಿಯ ನೋವನ್ನು ಓದಿ ನಿನ್ನ ಕಣ್ಣು ತೇವವಾಯಿತೆಂದು ಬರೆದಿದ್ದೆ. ಅದು ನಿನ್ನ ಸಂಸ್ಕಾರ. ಆ ಕನಿಕರವು ಸಮುದ್ರದಾಚೆಗೆ ಹೋದಷ್ಟೇ ಸಹಜವಾಗಿ ನಿನ್ನ ಬೀದಿಯ ಕೊನೆಯ ಮನೆಗೂ ಹೋಗಲಿ. ಅಲ್ಲಿಯೂ ಒಬ್ಬ ಗಾಂಧಾರಿ ಸ್ವರ ಹಿಡಿದು ಕುಳಿತಿರಬಹುದು. ಅವಳಿಗೆ ತನ್ನ ಹಾಡಿನ ಚಿಂತೆಯೊಂದೇ ಇರಲಿ, ತನ್ನ ಎಲೆಯ ಚಿಂತೆ ಎಂದಿಗೂ ಬಾರದಿರಲಿ ಎಂಬುದು ನಮ್ಮ ಹಾರೈಕೆ.